ಹೊಟ್ಟೆ ಚಿಕ್ಕದು ಮಾಡಿಸ್ಕೊಳ್ಳೋ ಆಪರೇಷನ್: ಹೂಂ ಅನ್ನೋ ಮುಂಚೆ

ಮೊದ್ಲು ಒಂದು ಗೊಂದಲ ಬಗೆಹರಿಸ್ಬಿಡೋಣ. ಬೇರಿಯಾಟ್ರಿಕ್ ಸರ್ಜರಿ ಅಂದ್ರೆ ಹೊಟ್ಟೆ ಮೇಲಿನ ಕೊಬ್ಬು ಕುಯ್ದು ತೆಗೆಯೋದಲ್ಲ. ಪೈಪ್ ಹಾಕಿ ಕೊಬ್ಬು ಹೀರ್ತಾರಲ್ಲ, ಅದು ಲಿಪೊಸಕ್ಷನ್, ಶೇಪ್‌ಗೋಸ್ಕರ ಮಾಡಿಸ್ಕೊಳ್ಳೋದು, ಅದರಿಂದ ಶುಗರ್ ಇಳಿಯಲ್ಲ ಬಿಪಿ ಇಳಿಯಲ್ಲ ಗೊರಕೆನೂ ನಿಲ್ಲಲ್ಲ. ಬೇರಿಯಾಟ್ರಿಕ್‌ನಲ್ಲಿ ಕೊಬ್ಬಿನ ತಂಟೆಗೇ ಹೋಗಲ್ಲ. ಒಳಗಿರೋ ಜಠರ ಚಿಕ್ಕದು ಮಾಡ್ತಾರೆ, ಇಲ್ಲಾ ಊಟ ಹೋಗೋ ದಾರಿನೇ ಬದಲಾಯಿಸ್ತಾರೆ, ಕೊಬ್ಬು ಆಮೇಲೆ ತಿಂಗಳುಗಟ್ಟಲೆ ತಾನಾಗೇ ಕರಗುತ್ತೆ.

ನಾನು ಡಾಕ್ಟ್ರಲ್ಲ, ಹಾಸನದಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು. ಆಪರೇಷನ್ ಬೆಂಗಳೂರಲ್ಲೋ ಮಂಗಳೂರಲ್ಲೋ ಮೈಸೂರಲ್ಲೋ ಆಗಿರುತ್ತೆ, ಆಮೇಲಿನ ಚೀಟಿ ಹಿಡ್ಕೊಂಡು ಬರೋದು ಮಾತ್ರ ನಮ್ಮಂಥೋರ ಕೌಂಟರ್‌ಗೇ, ಹಾಗಾಗಿ ನಮಗೆ ಕಾಣೋದು ಆಪರೇಷನ್ ಆದ್ಮೇಲಿನ ವರ್ಷಗಳು. "ಅಣ್ಣ, ಹೊಟ್ಟೆ ಕುಯ್ಸ್ಕಂಡ್ರೆ ಸಣ್ಣ ಆಯ್ತಾರಂತಲ್ಲ, ಮಾಡ್ಸ್‌ಬೌದಾ?" ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಇಷ್ಟೇ: ಜೀವನಪೂರ್ತಿ ಮಾತ್ರೆ ತಗೋತೀರಾ, ವರ್ಷ ವರ್ಷ ರಕ್ತ ಪರೀಕ್ಷೆ ಮಾಡಿಸ್ತೀರಾ? ಆಪರೇಷನ್ ಅನ್ನೋದು ಒಂದೆರಡು ಗಂಟೆ ಕೆಲಸ, ಸಣ್ಣ ಸಣ್ಣ ತೂತು ಹಾಕಿ ಲ್ಯಾಪ್ರೊಸ್ಕೋಪಿಲಿ ಮಾಡ್ತಾರೆ, ಎರಡು ಮೂರು ದಿನಕ್ಕೆ ಮನೆಗೆ ಕಳಿಸ್ತಾರೆ, ಅಲ್ಲಿಗೆ ಸರ್ಜನ್ ಕೆಲಸ ಮುಗೀತು. ತೀರ್ಮಾನ ಮಾಡ್ಬೇಕಾಗಿರೋದು ಅದಾದ್ಮೇಲಿನ ಬದುಕಿನ ಬಗ್ಗೆ.

ಸರಿ, ಯಾರಿಗೆ ಮಾಡ್ತಾರೆ? ಲೆಕ್ಕ ಶುರುವಾಗೋದು ಬಿಎಂಐ ಇಂದ, ಅಂದ್ರೆ ಕೆಜಿ ತೂಕನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸೋದು. 160 ಸೆಂಟಿಮೀಟರ್ ಎತ್ತರ, 96 ಕೆಜಿ ಇರೋ ಹೆಂಗಸು ಅಂದ್ಕೊಳ್ಳಿ, ಬಿಎಂಐ ಸರಿಯಾಗಿ 37.5 ಬರುತ್ತೆ. ಅಮೆರಿಕದಲ್ಲಿ 1991ರಲ್ಲಿ ಮಾಡಿದ ನಿಯಮ 40 ದಾಟಿರ್ಬೇಕು, ಇಲ್ಲಾ 35 ದಾಟಿ ಜೊತೆಗೆ ಶುಗರ್, ಬಿಪಿ ಥರದ್ದು ಇರ್ಬೇಕು ಅಂತಿತ್ತು. ನಮ್ಮ ದೇಶದ ಸರ್ಜನ್‌ಗಳ ಸಂಘ ಅದನ್ನ ಇಳಿಸಿ, ಬೇರೆ ಕಾಯಿಲೆ ಇಲ್ದಿದ್ರೆ 37.5, ಇದ್ರೆ 32.5 ಅಂತ ಇಟ್ಕೊಂಡಿದೆ. 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಇನ್ನೂ ಕೆಳಗಿಳಿಸಿ, ಏಷ್ಯಾದವ್ರಿಗೆ 27.5 ಇಂದಾನೇ ಸರ್ಜರಿ ಯೋಚಿಸ್ಬಹುದು ಅಂದ್ವು.

ನಮಗ್ಯಾಕೆ ಬೇರೆ ಲೆಕ್ಕ ಅಂದ್ರೆ, ಒಂದೇ ಬಿಎಂಐ ಇದ್ರೂ ನಮ್ಮೋರ ಮೈಯಲ್ಲಿ ಕೊಬ್ಬು ಜಾಸ್ತಿ, ಅದ್ರಲ್ಲೂ ಹೊಟ್ಟೆ ಒಳಗಡೆ. ಪುಣೆಯ ಡಾ. ಯಾಜ್ಞಿಕ್ ಮತ್ತೆ ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದ್ದೇ ಲೆಕ್ಕ ಹಾಕಿದ್ರು, ಇಬ್ಬರ ಬಿಎಂಐನೂ 22.3, ಆದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ನೋಡೋಕೆ ಅಷ್ಟೇನೂ ದಪ್ಪ ಇಲ್ದೆ ಹೊಟ್ಟೆ ಮಾತ್ರ ಮುಂದೆ ಬಂದಿರೋ ನಮ್ಮೂರ ಮಧ್ಯವಯಸ್ಸಿನ ಗಂಡಸ್ರಿಗೆ ಶುಗರ್ ಯಾಕೆ ಬರುತ್ತೆ ಅಂತ ಇದ್ರಲ್ಲೇ ಗೊತ್ತಾಗುತ್ತೆ.

ಹಾಗಂತ 27.5 ದಾಟಿದೋರೆಲ್ಲ ಓಡಿ ಹೋಗಿ ಆಪರೇಷನ್ ಮಾಡಿಸ್ಕೊಳ್ಳಿ ಅಂತಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಮದುವೆಗೆ ಮುಂಚೆ ಹುಡುಗಿ ಸಣ್ಣ ಆಗ್ಲಿ ಅಂತ ಅಪ್ಪ ಅಮ್ಮ ಕರ್ಕೊಂಡು ಬಂದು ವಿಚಾರಿಸೋ ಕೇಸುಗಳಿಗೆ ಇದು ಖಂಡಿತ ಅಲ್ಲ. 42 ಬಿಎಂಐ, ಶುಗರ್ ಬೇರೆ, ರಾತ್ರಿ ಮಲಗಿದ್ರೆ ಉಸಿರು ನಿಂತು ನಿಂತು ಬರೋ ಕಾಯಿಲೆ, ಮೆಟ್ಟಿಲು ಹತ್ತೋಕಾಗ್ದೇ ಇರೋ ಮಂಡಿ ನೋವು, ಇಷ್ಟಿದ್ದೂ "ಬಾಯಿ ಕಟ್ಟಿದ್ರೆ ಸರಿಹೋಗುತ್ತೆ ಬಿಡಿ" ಅಂತ ಹತ್ತು ವರ್ಷ ತಳ್ಳೋದು ಕೂಡ ತಪ್ಪೇ. ಸ್ವೀಡನ್‌ನಲ್ಲಿ 1987ರಲ್ಲಿ ಶುರುಮಾಡಿ ಆಪರೇಷನ್ ಆದ ಸುಮಾರು ಎರಡು ಸಾವಿರ ಜನನ್ನ, ಆಗದೇ ಇರೋ ಅಷ್ಟೇ ಜನನ್ನ ವರ್ಷಗಟ್ಟಲೆ ನೋಡ್ಕೊಂಡು ಬಂದ್ರು, 2007ರಲ್ಲಿ ಫಲಿತಾಂಶ ಬಂದಾಗ ಆಪರೇಷನ್ ಆದೋರಲ್ಲಿ ಸಾವು ಕಮ್ಮಿ ಇತ್ತು.

ಬಾಯಿ ಕಟ್ಟೋ ವಿಷಯಕ್ಕೆ ಬಂದ್ರೆ, ತೂಕ ಜಾಸ್ತಿ ಇರೋರ್ನೆಲ್ಲ ಸೋಮಾರಿ, ಹೊಟ್ಟೆಬಾಕ ಅನ್ನೋದು ನಮ್ಮಲ್ಲಿ ಬಹಳ ಸುಲಭ. ದೇಹದ ಒಳಗಿನ ಕಥೆ ಬೇರೆ. ನೀವು ಊಟ ಬಿಟ್ಟು ಹತ್ತು ಕೆಜಿ ಇಳಿಸಿದ್ರಿ ಅನ್ನಿ, ದೇಹ ಅದನ್ನ ಬರಗಾಲ ಅಂತ ಅಂದ್ಕೊಂಡು ಹಸಿವಿನ ಹಾರ್ಮೋನ್ ಏರಿಸುತ್ತೆ, ಸುಡೋ ಕ್ಯಾಲರಿ ಕಮ್ಮಿ ಮಾಡುತ್ತೆ, ಇದ್ದ ತೂಕಕ್ಕೇ ವಾಪಸ್ ಎಳೆಯುತ್ತೆ. ಆ ಹಸಿವಿನ ಹಾರ್ಮೋನ್ ಹೆಸರು ಗ್ರೆಲಿನ್, ಅದು ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದ ಉಬ್ಬಿನಲ್ಲಿ.

ಈಗ ಸ್ಲೀವ್ ಅಂತ ಒಂದು ಆಪರೇಷನ್ ಇದೆ, ಇವತ್ತು ಜಾಸ್ತಿ ಮಾಡೋದು ಅದನ್ನೇ. ಅದ್ರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ಸ್ಟೇಪಲ್ ಹೊಡೆದು ಕತ್ತರಿಸಿ ಹೊರಗೆ ತೆಗೀತಾರೆ, ಉಳಿಯೋದು ಬಾಳೆಹಣ್ಣಿನ ಥರ ಒಂದು ಕೊಳವೆ. ಗ್ರೆಲಿನ್ ಹುಟ್ಟೋ ಜಾಗ ಹೋಯ್ತು, ಹಂಗಾಗಿ ಜಾಗನೂ ಕಮ್ಮಿ ಹಸಿವೂ ಕಮ್ಮಿ. ತೆಗೆದಿದ್ದನ್ನ ವಾಪಸ್ ಕೂರಿಸೋಕಾಗಲ್ಲ, ಇದು ನೆನಪಿರ್ಲಿ. ಇನ್ನೊಂದು ಬೈಪಾಸ್ (ಹಾರ್ಟಿಂದಲ್ಲ, ಹೊಟ್ಟೇದು). ಜಠರದ ಮೇಲ್ತುದೀಲಿ ಸುಮಾರು 30 ಎಂಎಲ್‌ನ ಒಂದು ಚೀಲ ಮಾಡಿ (ಸಿರಪ್ ಬಾಟ್ಲಿ ಮೇಲಿರೋ 10 ಎಂಎಲ್ ಮುಚ್ಚಳದಲ್ಲಿ ಮೂರು, ಅಷ್ಟೇ), ಕರುಳನ್ನ ತಂದು ನೇರ ಅದಕ್ಕೆ ಜೋಡಿಸ್ತಾರೆ. ಊಟ ಉಳಿದ ಜಠರನ್ನೂ ಕರುಳಿನ ಮೊದಲ ಭಾಗನೂ ಮುಟ್ಟದೆ ಮುಂದಕ್ಕೆ ಹೋಗುತ್ತೆ, ಅಲ್ಲಿ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಜಾಸ್ತಿ ಆಗಿ ಬೇಗ ಹೊಟ್ಟೆ ತುಂಬಿದ ಹಾಗಾಗುತ್ತೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತೆ. ಎದೆ ಉರಿ, ಹುಳಿ ತೇಗು ಮೊದಲೇ ಜೋರಾಗಿ ಇರೋರಿಗೆ ಸ್ಲೀವ್ ಆದ್ಮೇಲೆ ಅದು ಇನ್ನೂ ಜಾಸ್ತಿ ಆಗ್ಬಹುದು, ಅಂಥೋರಿಗೆ ಬೈಪಾಸೇ ಒಳ್ಳೇದು ಅಂತಾರೆ. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ (ಆಸಿಡ್ ಕಮ್ಮಿ ಮಾಡೋ ಮಾತ್ರೆ) ನುಂಗ್ತಾ ಇರೋರು ಇದನ್ನ ಸರ್ಜನ್ ಹತ್ರ ಬಾಯಿಬಿಟ್ಟು ಹೇಳ್ಬೇಕು, ಮೊದ್ಲು ಎಂಡೋಸ್ಕೋಪಿ ಮಾಡಿ ನೋಡೋದೂ ಇದಕ್ಕೇ.

ಎಷ್ಟು ಇಳಿಯುತ್ತೆ? ಇಲ್ಲೇ ಜನಕ್ಕೆ ನಿರಾಸೆ ಆಗೋದು. ಆಸ್ಪತ್ರೆಯೋರು "ಹೆಚ್ಚುವರಿ ತೂಕದ ಶೇಕಡಾ 60" ಅಂತಾರೆ, ಕೇಳಿದೋರು ಒಟ್ಟು ತೂಕದ 60 ಅಂದ್ಕೊಂಡ್ಬಿಡ್ತಾರೆ. ಅದೇ 96 ಕೆಜಿ ಹೆಂಗಸನ್ನ ತಗೊಳ್ಳಿ. ಬಿಎಂಐ 23 ಬರ್ಬೇಕು ಅಂದ್ರೆ 59 ಕೆಜಿ ಇರ್ಬೇಕು, ಹೆಚ್ಚುವರಿ 37. ಅದ್ರಲ್ಲಿ ಶೇಕಡಾ 60 ಅಂದ್ರೆ 22 ಕೆಜಿ. ಅಂದ್ರೆ ಒಂದು ಒಂದೂವರೆ ವರ್ಷಕ್ಕೆ ಆಯಮ್ಮ 74 ಕೆಜಿಗೆ ಬಂದು ನಿಲ್ತಾರೆ. ಶುಗರ್ ಮಾತ್ರೆ ಕಮ್ಮಿ ಆಗಿರುತ್ತೆ, ಮಂಡಿ ಹಗುರ ಆಗಿರುತ್ತೆ, ನಿದ್ದೆ ಬರುತ್ತೆ, ಆದ್ರೆ ಕಾಲೇಜು ಫೋಟೋದಲ್ಲಿದ್ದ ಹಾಗೆ ಆಗಲ್ಲ. ಜೊತೆಗೆ ತೋಳು ಹೊಟ್ಟೆ ಚರ್ಮ ಜೋತುಬೀಳುತ್ತೆ, ಮೂರರಿಂದ ಆರು ತಿಂಗಳ ಸುಮಾರಿಗೆ ತಲೆಕೂದಲು ಉದುರುತ್ತೆ (ಬಹುತೇಕ ಜನಕ್ಕೆ ವಾಪಸ್ ಬರುತ್ತೆ, ಆದ್ರೆ ಆಗ ಎಣ್ಣೆ ಶಾಂಪೂ ಅಂತ ಸುರಿಯೋ ದುಡ್ಡು ಅಷ್ಟಿಷ್ಟಲ್ಲ). ಎರಡು ವರ್ಷ ಆದ್ಮೇಲೆ ಸ್ವಲ್ಪ ತೂಕ ವಾಪಸ್ ಬರೋದೂ ಮಾಮೂಲು.

ಶುಗರ್ ಇರೋರಿಗೆ ಲಾಭ ನಿಜವಾಗ್ಲೂ ದೊಡ್ಡದು, ತೂಕ ಇಳಿಯೋಕೂ ಮುಂಚೆನೇ ಶುಗರ್ ಇಳಿಯೋಕೆ ಶುರುವಾಗುತ್ತೆ. ಆದ್ರೆ ಶುಗರ್ ಬಂದು ಐದು ವರ್ಷದೊಳಗಿದ್ದು, ಬರೀ ಮಾತ್ರೇಲಿ ಇರೋರಿಗೆ ಪೂರ್ತಿ ಹತೋಟಿಗೆ ಬರೋ ಸಾಧ್ಯತೆ ಜಾಸ್ತಿ. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಕೊಳ್ತಾ ಇರೋರಿಗೆ ಡೋಸ್ ಇಳೀಬಹುದು, ನಿಂತೇಹೋಗುತ್ತೆ ಅಂತ ಭರವಸೆ ಕೊಡೋಕಾಗಲ್ಲ.

ಇನ್ನು ಊಟ. ಡಯಟ್ ಚಾರ್ಟ್ ಬರೆಯೋ ಬೆಂಗಳೂರಿನೋರಿಗೆ ನಮ್ಮ ಕಡೆ ಊಟ ಅಷ್ಟಾಗಿ ಗೊತ್ತಿರಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲ ಕೆಲವು ದಿನ ನೀರು, ಎಳನೀರು, ತಿಳಿ ಸಾರು, ಆಮೇಲೆ ಗಂಜಿ, ಮಜ್ಜಿಗೆ, ಪ್ರೋಟೀನ್ ಪುಡಿ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನ ಊಟ, ಗಟ್ಟಿ ಊಟಕ್ಕೆ ಬರೋ ಹೊತ್ತಿಗೆ ಒಂದೂವರೆ ಎರಡು ತಿಂಗಳು ಹಿಡಿಯುತ್ತೆ. ಇಲ್ಲಿವರ್ಗೂ ಎಲ್ಲರೂ ಮಾಡ್ತಾರೆ. ಕಷ್ಟ ಶುರುವಾಗೋದು ಮುದ್ದೆ ತಟ್ಟೆ ಮುಂದೆ ಬಂದಾಗ. ಮುದ್ದೆ ಅಗಿದು ತಿನ್ನೋರು ನಮ್ಮಲ್ಲಿ ಯಾರಿದ್ದಾರೆ ಹೇಳಿ, ಮುರಿದು, ಸಾರಲ್ಲಿ ಹೊರಳಿಸಿ, ಗುಳುಂ ಅಂತ ನುಂಗೋದೇ ಅಭ್ಯಾಸ, ಚಿಕ್ಕ ಮಕ್ಕಳಿಗೂ ಅಗೀಬೇಡ ನುಂಗು ಅಂತಾನೇ ಕಲಿಸ್ತೀವಿ. ಆಪರೇಷನ್ ಆದೋರು ಹಂಗೆ ನುಂಗಿದ್ರೆ ಆ ಕಿರಿದಾದ ಕೊಳವೇಲಿ ತುತ್ತು ನಿಂತ್ಕೊಳ್ಳುತ್ತೆ, ಎದೆ ಮಧ್ಯೆ ಹಿಡಿದಂಗಾಗುತ್ತೆ, ಬಾಯಲ್ಲಿ ನೊರೆ ನೊರೆ ಎಂಜಲು ಬರುತ್ತೆ, ಕೊನೆಗೆ ವಾಂತಿ. ಪ್ರತಿ ತುತ್ತೂ ಇಪ್ಪತ್ತು ಮೂವತ್ತು ಸಲ ಅಗೀಬೇಕು, ಮತ್ತೆ ಅಗಿದ ಮುದ್ದೆ ರುಚಿ ಹೆಂಗಿರುತ್ತೆ ಅಂತ ನಿಮಗೇ ಗೊತ್ತು.

ಅದಕ್ಕಿಂತ ಮುಖ್ಯ, ಇರೋದೇ ಒಂದು ಸಣ್ಣ ಬಟ್ಟಲಷ್ಟು ಜಾಗ, ಅದನ್ನ ಮುದ್ದೆಯೋ ಅನ್ನವೋ ತುಂಬ್ಕೊಂಡ್ರೆ ಪ್ರೋಟೀನ್‌ಗೆ ಜಾಗ ಎಲ್ಲಿ? ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅಂತಾರೆ, ಒಂದು ಮೊಟ್ಟೇಲಿ ಇರೋದು 6 ಗ್ರಾಂ. ಹಾಗಾಗಿ ತಟ್ಟೆನೇ ತಿರುಗುಮುರುಗು ಆಗ್ಬೇಕು. ಬಸ್ಸಾರು ಮಾಡಿದ ದಿನ ಮುದ್ದೆ ನಡುವೆ, ಬಸಿದ ಕಾಳು ಸೊಪ್ಪಿನ ಪಲ್ಯ ತಟ್ಟೆ ಪಕ್ಕಕ್ಕೆ ಒಂದು ಚೂರು ಅಲ್ವಾ ನಾವು ಹಾಕ್ಕೊಳ್ಳೋದು, ಇನ್ಮೇಲೆ ಆ ಪಲ್ಯನೇ ಊಟ, ಮೊದ್ಲು ಅದನ್ನ ತಿನ್ಬೇಕು, ಜಾಗ ಮಿಕ್ಕಿದ್ರೆ ನೆಲ್ಲಿಕಾಯಿಯಷ್ಟು ಮುದ್ದೆ. ಕೋಳಿ ಸಾರಲ್ಲಿ ಪೀಸ್ ಮೊದ್ಲು. ಮೊಟ್ಟೆ ಮಾಂಸ ಮುಟ್ಟದೇ ಇರೋರಿಗೆ ಕಾಳು, ಪನೀರ್, ಮೊಸರಲ್ಲೇ 60 ಗ್ರಾಂ ಹೊಂದಿಸೋದು ಕಷ್ಟ, ಪ್ರೋಟೀನ್ ಪುಡಿ ಖರ್ಚು ಲೆಕ್ಕಕ್ಕೆ ಹಿಡ್ಕೊಂಡೇ ಮುಂದುವರೀಬೇಕು. ಊಟದ ಮಧ್ಯೆ ನೀರು ಕುಡಿಯೋ ಹಾಗಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕು ಕುಡೀಬೇಕು.

ಮಲೆನಾಡ ಕಡೆ, ಚಿಕ್ಕಮಗಳೂರು ಮೂಡಿಗೆರೆ ಕಡೆ ಇನ್ನೊಂದು ಕಳ್ಳದಾರಿ ಇದೆ, ಕಾಫಿ. ದಿನಕ್ಕೆ ಐದಾರು ಲೋಟ, ಎಲ್ಲದಕ್ಕೂ ಸಕ್ಕರೆನೋ ಬೆಲ್ಲನೋ. ಗಟ್ಟಿ ಊಟ ಹಿಡಿಯದೇ ಇರೋ ಜಠರದಲ್ಲಿ ಇದು ಸಲೀಸಾಗಿ ಇಳಿಯುತ್ತೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ಜೊತೆಗೆ ಒಂದು ಹಿಡಿ ಮಿಕ್ಸ್ಚರ್. "ನಾನು ಊಟನೇ ಮಾಡಲ್ಲ, ಆದ್ರೂ ತೂಕ ಏರ್ತಿದೆ" ಅನ್ನೋರ ದಿನಚರಿ ಕೇಳಿದ್ರೆ ಸಿಗೋದು ಹೆಚ್ಚಾಗಿ ಇದೇ. ಬೈಪಾಸ್ ಆದೋರು ಮದುವೆ ಮನೇಲಿ ಬಲವಂತಕ್ಕೆ ಕಾಯಿ ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಂಡು ತಿಂದ್ರೆ ಅರ್ಧ ಗಂಟೇಲಿ ಬೆವರು, ಎದೆ ಬಡಿತ, ಹೊಟ್ಟೆ ನುಲಿತ, ಭೇದಿ, ಅದನ್ನ ಡಂಪಿಂಗ್ ಅಂತಾರೆ. ಹೆಂಡದ ವಿಷಯನೂ ಹಂಗೇ, ಮೊದ್ಲಿಗಿಂತ ಕಮ್ಮಿ ಕುಡಿದ್ರೂ ಬೇಗ, ಜೋರಾಗಿ ಏರುತ್ತೆ, ಚಟಕ್ಕೆ ತಿರುಗೋ ಅಪಾಯನೂ ಜಾಸ್ತಿ. ಕುಡಿತ ಕೈಮೀರಿರೋರು ಮೊದ್ಲು ಅದನ್ನ ಬಿಡ್ಬೇಕು, ಆಮೇಲೆ ಆಪರೇಷನ್ ಮಾತು.

ಈಗ ನಮ್ಮ ಕೌಂಟರ್ ವಿಷಯ. ಚೀಟೀಲಿ ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ3, ಬಿ12 ಇರುತ್ತೆ. ಮೊದಲ ಆರು ತಿಂಗಳು ತಪ್ಪದೆ ತಗೋತಾರೆ, ಆಮೇಲೆ "ಈಗ ಚೆನ್ನಾಗಿದ್ದೀನಲ್ಲ" ಅಂತ ನಿಲ್ಲಿಸಿಬಿಡ್ತಾರೆ. ಬಿ12 ದೇಹದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತೆ, ಹಂಗಾಗಿ ನಿಲ್ಲಿಸಿದ ತಕ್ಷಣ ಏನೂ ಆಗಲ್ಲ, ಎರಡು ಮೂರು ವರ್ಷಕ್ಕೆ ಕಾಲು ಜೋಮು, ಮರೆವು, ಸುಸ್ತು ಶುರುವಾದಾಗ ಯಾರಿಗೂ ಆಪರೇಷನ್ ನೆನಪೇ ಬರಲ್ಲ. ಕಬ್ಬಿಣದ ಮಾತ್ರೆ ಕಾಫಿ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ, ಕ್ಯಾಲ್ಸಿಯಂ ಜೊತೆ ತಗೊಂಡ್ರೂ ಅಷ್ಟೇ, ಎರಡು ಗಂಟೆ ಅಂತರ ಬೇಕು. ಕ್ಯಾಲ್ಸಿಯಂನಲ್ಲೂ ಸಿಟ್ರೇಟ್ ಅಂತ ಬರೆದಿದ್ರೆ ಸಿಟ್ರೇಟೇ ಕೇಳಿ ತಗೊಳ್ಳಿ, ಕಾರ್ಬೊನೇಟ್ ಕರಗೋಕೆ ಜಠರದ ಆಸಿಡ್ ಬೇಕು, ಆಪರೇಷನ್ ಆದ್ಮೇಲೆ ಅದು ಕಮ್ಮಿ. ಶುಗರ್ ಬಿಪಿ ಮಾತ್ರೆ ಹಳೇ ಡೋಸಲ್ಲೇ ನುಂಗ್ತಾ ಹೋದ್ರೆ ತಲೆ ಸುತ್ತಿ ಬೀಳ್ತೀರಿ, ಕಮ್ಮಿ ಮಾಡೋದನ್ನ ಡಾಕ್ಟ್ರೇ ಹೇಳ್ಬೇಕು.

ಎಲ್ಲಕ್ಕಿಂತ ನನಗೆ ಭಯ ಆಗೋದು ನೋವಿನ ಮಾತ್ರೆ. ತೂಕ ಇದ್ದೋರಿಗೆ ಮಂಡಿ ನೋವು ಹಳೇ ನೆಂಟ, ಮೆಡಿಕಲ್‌ಗೆ ಬಂದು "ಒಂದು ನೋವಿನ ಮಾತ್ರೆ ಕೊಡಣ್ಣ" ಅನ್ನೋದು ರೂಢಿ. ಬೈಪಾಸ್ ಆದೋರು ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡ್ರೆ ಜೋಡಣೆ ಹತ್ರ ಹುಣ್ಣಾಗಿ ರಕ್ತ ಬರ್ಬಹುದು, ತೂತೇ ಬೀಳ್ಬಹುದು, ಬೀಡಿ ಸಿಗರೇಟೂ ಸೇರಿದ್ರೆ ಇನ್ನೂ ಕೆಟ್ಟದ್ದು. ಪ್ಯಾರಾಸಿಟಮಾಲ್ ಸಾಕು. ಕೇಳಿದ್ದನ್ನ ಕೊಡೋ ನಮಗೆ ನೀವು ಹೇಳ್ದೇ ಇದ್ರೆ ಗೊತ್ತಾಗಲ್ಲ ಸ್ವಾಮಿ, ಹೊಟ್ಟೆ ಆಪರೇಷನ್ ಆಗಿದೆ ಅಂತ ಒಂದು ಮಾತು ಹೇಳಿ.

ಅಪಾಯ ಎಷ್ಟು ಅಂತ ಕೇಳಿದ್ರೆ, ಜೀವಕ್ಕೆ ಅಪಾಯ ಸಾವಿರಕ್ಕೆ ಒಂದರಿಂದ ಮೂರು, ಸ್ಟೇಪಲ್ ಹೊಡೆದ ಕಡೆ ಸೋರೋದು ನೂರಕ್ಕೆ ಒಂದರ ಆಸುಪಾಸು. ಅನುಭವ ಇರೋ ಕೈಯಲ್ಲಿ ಇದು ಪಿತ್ತಕೋಶ ತೆಗೆಯೋ ಆಪರೇಷನ್ನಿಗಿಂತ ಬಹಳ ದೂರ ಏನಿಲ್ಲ. ಆದ್ರೆ ನಮ್ಮ ಜಿಲ್ಲೆಯೋರಿಗೆ ದೂರ ಅನ್ನೋದೇ ಒಂದು ಅಪಾಯ. ಹಾಸನದಿಂದ ಬೆಂಗಳೂರಿಗೆ 185 ಕಿಲೋಮೀಟರ್, ಚಿಕ್ಕಮಗಳೂರಿಂದ ಇನ್ನೂ ಜಾಸ್ತಿ. ಮನೆಗೆ ಬಂದ್ಮೇಲೆ ಮೊದಲೆರಡು ವಾರದಲ್ಲಿ ಸುಮ್ನೆ ಕೂತಿದ್ರೂ ನಾಡಿ 120 ದಾಟಿದ್ರೆ, ಜ್ವರ ಬಂದ್ರೆ, ಎಡ ಭುಜದ ಕಡೆ ನೋವು ಎಳೆದ್ರೆ, ಉಸಿರು ಕಟ್ಟಿದ್ರೆ ಗ್ಯಾಸ್ ಅಂತ ಜೆಲುಸಿಲ್ ಕುಡ್ಕೊಂಡು ಕೂರೋ ಹಾಗಿಲ್ಲ, ಆಪರೇಷನ್ ಮಾಡಿದೋರಿಗೆ ಫೋನ್ ಮಾಡಿ ಹೊರಡ್ಬೇಕು. ಮಂಗಳೂರಲ್ಲಿ ಮಾಡಿಸ್ಕೊಳ್ಳೋ ಸಕಲೇಶಪುರದೋರು ಜುಲೈ ಆಗಸ್ಟ್ ಬಿಟ್ಬಿಡಿ, ಮಳೇಲಿ ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದ್ರೆ ಆ ಕಡೆಯೋರು ಆ ಕಡೆ ಈ ಕಡೆಯೋರು ಈ ಕಡೆ. ತೋಟದ ಕೆಲಸ ಇರೋರು ಕಾಫಿ ಕೊಯ್ಲಿನ ಟೈಮೂ ಬಿಡೋದು ವಾಸಿ, ಒಂದು ತಿಂಗಳಾದ್ರೂ ಮೂಟೆ ಎತ್ತೋ ಹಾಗಿಲ್ಲ.

ಇನ್ನೊಂದು ವಿಷಯ ಊರಿನ ಕ್ಲಿನಿಕ್ಕಿನೋರಿಗೂ ಗೊತ್ತಿದ್ರೆ ಒಳ್ಳೇದು. ಆಪರೇಷನ್ ಆದೋರಿಗೆ ದಿನಗಟ್ಟಲೆ ವಾಂತಿ ಆಗ್ತಿದ್ರೆ ಬಿ1, ಅಂದ್ರೆ ಥಯಾಮಿನ್, ಖಾಲಿ ಆಗಿರುತ್ತೆ. ಆಗ ಸುಸ್ತು ಅಂತ ಬರೀ ಗ್ಲೂಕೋಸ್ ಡ್ರಿಪ್ ಹಾಕಿದ್ರೆ ಮೆದುಳಿಗೇ ಪೆಟ್ಟು ಬೀಳ್ಬಹುದು. ಗ್ಲೂಕೋಸ್‌ಗಿಂತ ಮೊದ್ಲು ಥಯಾಮಿನ್ ಇಂಜೆಕ್ಷನ್ ಕೊಡ್ಬೇಕು.

ಮಕ್ಕಳಾಗ್ಬೇಕು ಅನ್ನೋ ಹೆಣ್ಣುಮಕ್ಕಳಿಗೆ: ಪಿಸಿಓಡಿ ಇದ್ದು ಮುಟ್ಟು ಏರುಪೇರಾಗಿರೋರಿಗೆ ತೂಕ ಇಳಿದಂಗೆ ಸರಿಹೋಗಿ ಬೇಗ ಗರ್ಭ ನಿಲ್ಲೋ ಸಾಧ್ಯತೆ ಇದೆ, ಆದ್ರೆ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ಬೇಡ ಅಂತಾರೆ, ಆಗ ತಾಯಿಗೇ ಪೋಷಣೆ ಸಾಲ್ತಿರಲ್ಲ. ಅತ್ತೆ ಮನೆಯೋರಿಗೆ ಇದನ್ನ ಮುಂಚೆನೇ ಹೇಳಿಡಿ. ಬೈಪಾಸ್ ಆದ್ಮೇಲೆ ಗರ್ಭನಿರೋಧಕ ಮಾತ್ರೆ ಮೇಲೆ ಪೂರ್ತಿ ನಂಬಿಕೆ ಇಡೋಕಾಗಲ್ಲ, ಬೇರೆ ಉಪಾಯ ಡಾಕ್ಟ್ರ ಹತ್ರ ಕೇಳಿ.

"ಈಗ ತೂಕ ಇಳಿಸೋಕೆ ಇಂಜೆಕ್ಷನ್ ಬಂದಿದ್ಯಲ್ಲ" ಅನ್ನೋರಿದ್ದಾರೆ. ಹೌದು, 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂತು, ವಾರಕ್ಕೊಂದು ಚುಚ್ಕೊಳ್ಳೋದು. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ (ವೆಗೋವಿಯಲ್ಲಿರೋದು) ಒಟ್ಟು ತೂಕದ ಶೇಕಡಾ 15ರಷ್ಟು, ಟಿರ್ಜೆಪಟೈಡ್‌ನ (ಮೌಂಜಾರೋದು) ದೊಡ್ಡ ಡೋಸಲ್ಲಿ 20ರಷ್ಟು ಇಳೀತು. ಸರ್ಜರೀಲಿ ಇದು 25ರಿಂದ 30. ಬಿಎಂಐ ಮೂವತ್ತರ ಆಸುಪಾಸು ಇರೋರು ಮೊದ್ಲು ಇದನ್ನ ಯೋಚಿಸೋದೇ ಸರಿ ಅನ್ಸುತ್ತೆ ನನಗೆ. ಆದ್ರೆ ನಿಲ್ಲಿಸಿದ್ರೆ ಒಂದು ವರ್ಷದಲ್ಲಿ ಇಳಿದಿದ್ರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿದ್ದು ಪ್ರಯೋಗದಲ್ಲೇ ಕಂಡಿದೆ, ಅಂದ್ರೆ ಇದೂ ತಿಂಗಳು ತಿಂಗಳು ಖರ್ಚಿನ ಬಾಬತ್ತೇ. ಯಾರೋ ವಾಟ್ಸಾಪಲ್ಲಿ ಮಾರೋ ಇಂಜೆಕ್ಷನ್ ಪೆನ್ ತಗೊಂಡು ಚುಚ್ಕೋಬೇಡಿ, ಡಾಕ್ಟ್ರ ಚೀಟಿ ಬೇಕು.

ದುಡ್ಡು. ಖಾಸಗಿ ಆಸ್ಪತ್ರೇಲಿ ಮೂರ್ನಾಲ್ಕು ಲಕ್ಷದ ಆಸುಪಾಸು ಸಾಮಾನ್ಯ, ಸ್ಟೇಪ್ಲರ್ ಕಾರ್ಟ್ರಿಜ್ (ಜಠರಕ್ಕೆ ಹೊಡೆಯೋ ಪಿನ್ನಿನ ಸೆಟ್) ಎಷ್ಟು ಖರ್ಚಾಯ್ತು ಅನ್ನೋದ್ರ ಮೇಲೂ ಬಿಲ್ ಏರುತ್ತೆ. ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಹೋಗೋರು ಒಂದು ನೋಡ್ಕೊಳ್ಳಿ: ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ) ಮಾಡಿರೋ ಏಕರೂಪದ ಷರತ್ತಿನ ಪ್ರಕಾರ 18 ವರ್ಷ ಆಗಿರ್ಬೇಕು, ಬಿಎಂಐ 40 ಇರ್ಬೇಕು, ಇಲ್ಲಾ 35 ಇದ್ದು ಹೃದಯದ ಕಾಯಿಲೆ, ಜೋರಾದ ಸ್ಲೀಪ್ ಆಪ್ನಿಯಾ (ನಿದ್ದೇಲಿ ಉಸಿರು ನಿಂತು ನಿಂತು ಬರೋದು), ಹತೋಟಿಗೆ ಬಾರದ ಶುಗರ್ ಥರದ್ದು ಇದ್ದು, ಬೇರೆ ದಾರಿ ನೋಡಿ ಆಗಿಲ್ಲ ಅಂತ ದಾಖಲೆ ಇರ್ಬೇಕು. ಅದೇ 160 ಸೆಂಟಿಮೀಟರ್ ಎತ್ತರಕ್ಕೆ ಲೆಕ್ಕ ಹಾಕಿ, 85 ಕೆಜಿ ಮತ್ತೆ ಶುಗರ್ ಇದ್ರೆ ಸರ್ಜನ್ ಪ್ರಕಾರ ನೀವು ಆಪರೇಷನ್‌ಗೆ ಸೈ, ಕಂಪನಿ ಪ್ರಕಾರ 90 ಕೆಜಿ ಹತ್ರ ಬರೋವರ್ಗೂ ಇಲ್ಲ. ಆ ಮಧ್ಯದಲ್ಲಿ ಸಿಕ್ಕಿ ಹಾಕ್ಕೊಳ್ಳೋರೇ ಜಾಸ್ತಿ. ಅದಕ್ಕೇ ಅಡ್ಮಿಟ್ ಆಗೋ ಮುಂಚೆ ಪ್ರಿ-ಆಥರೈಸೇಷನ್ (ದುಡ್ಡು ಕೊಡ್ತೀವಿ ಅನ್ನೋ ಕಂಪನಿ ಒಪ್ಪಿಗೆ) ಲಿಖಿತದಲ್ಲಿ ತಗೊಳ್ಳಿ, ಡಯಟ್, ಔಷಧಿ ಟ್ರೈ ಮಾಡಿದ ಹಳೇ ಚೀಟಿಗಳನ್ನ ಎಸೀಬೇಡಿ.

ಸರ್ಜನ್ ಹತ್ರ ಹೋದಾಗ ಯಾವ ಆಪರೇಷನ್, ಯಾಕೆ ಅದೇ, ರಾತ್ರಿ ಹೊತ್ತು ತೊಂದ್ರೆ ಆದ್ರೆ ಯಾರ ನಂಬರಿಗೆ ಫೋನ್ ಮಾಡ್ಬೇಕು, ಫಾಲೋಅಪ್ ಹಾಸನದಲ್ಲೇ ರಕ್ತ ಕೊಟ್ಟು ರಿಪೋರ್ಟ್ ಕಳಿಸಿ ಮಾಡ್ಕೋಬಹುದಾ ಅಂತ ಕೇಳಿ. ಜೊತೆಗೆ ಮನೇಲಿ ಅಡುಗೆ ಮಾಡೋರ್ನ ಕರ್ಕೊಂಡು ಹೋಗಿ, ಡಯಟಿಷಿಯನ್ ಹೇಳೋದನ್ನ ಅವರೇ ಕೇಳಿಸ್ಕೊಳ್ಳಲಿ. ಡಿಸ್ಚಾರ್ಜ್ ಸಮ್ಮರೀಲಿ ಆಪರೇಷನ್ ಹೆಸರು ಬರೆದಿರೋ ಪುಟದ ಫೋಟೋ ತೆಗೆದು ನಿಮ್ಮ ಮೊಬೈಲಲ್ಲೂ ಮನೆಯೋರ ಮೊಬೈಲಲ್ಲೂ ಇಟ್ಕೊಳ್ಳಿ, ಐದು ವರ್ಷ ಆದ್ಮೇಲೆ ಹೊಟ್ಟೆನೋವು ಅಂತ ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದ್ಲು ಅದನ್ನ ತೋರಿಸಿ.